ಬಿಳಿ ಕಣಗಳನ್ನು ಕರೆದವರು ಯಾರು?

ಮುಂಬಯಿಯ ಆಂಟಾಪ್ ಹಿಲ್‌ಗೆ ತಾಗಿಕೊಂಡೇ ಇರುವ ವಡಾಲದಲ್ಲಿ ಅಕ್ವರ್ತ್ ಕುಷ್ಠರೋಗ ಆಸ್ಪತ್ರೆ ಇದೆ. ಬೀದಿಯಲ್ಲಿ ದಿಕ್ಕಿಲ್ಲದೆ ಅಲೆಯುತ್ತಿದ್ದ ಕುಷ್ಠರೋಗಿಗಳಿಗೆಂದು 1890ರಲ್ಲಿ ತೆರೆದ ಆಶ್ರಯ ಅದು. ಆಗ ಮುಂಬಯಿಯ ಮುನ್ಸಿಪಲ್ ಕಮಿಷನರ್ ಆಗಿದ್ದ ಎಚ್.ಎ. ಅಕ್ವರ್ತ್ ಅವರ ಹೆಸರೇ ಅದಕ್ಕೆ ಉಳಿದುಕೊಂಡಿದೆ. ಅಂದು ಇದು ನಗರದ ಅಂಚು. ಇಂದು ಸುತ್ತ ಕೇಂದ್ರ ಸರ್ಕಾರಿ ನೌಕರರ ಸಿ.ಜಿ.ಎಸ್. ಕಾಲೊನಿ, ಕೋಳಿವಾಡ, ಕಾಲೇಜು, ಲೋಕಲ್ ರೈಲು ಎಲ್ಲವೂ ಬೆಳೆದು ಆಸ್ಪತ್ರೆ ಊರಿನ ನಡುವೆ ಬಂದಿದೆ.

ಕುಷ್ಠರೋಗದ ಚಿಕಿತ್ಸೆಯಲ್ಲಿ ವೈದ್ಯರನ್ನು ಇಂದಿಗೂ ಕಾಡುವ ಒಂದು ವಿಚಿತ್ರವಿದೆ. 1982ರಿಂದ ಈಚೆಗೆ ಹಲವು ಔಷಧಗಳನ್ನು ಒಟ್ಟಿಗೆ ಕೊಡುವ ಪದ್ಧತಿ ಬಂದಿತು. ರೋಗಾಣುಗಳು ಸಾಯುತ್ತವೆ, ರೋಗಿಯಿಂದ ಬೇರೆಯವರಿಗೆ ಹರಡುವುದೂ ನಿಲ್ಲುತ್ತದೆ. ಆದರೆ ಕೆಲವರಲ್ಲಿ ಮಾತ್ರೆ ಶುರುವಾದ ಕೆಲವು ತಿಂಗಳಲ್ಲಿ, ಒಮ್ಮೊಮ್ಮೆ ಮಾತ್ರೆಯ ಅವಧಿ ಮುಗಿದ ಮೇಲೂ, ಮಂಕಾಗಿದ್ದ ಮಚ್ಚೆಗಳು ದಿಢೀರನೆ ಕೆಂಪೇರಿ ಊದಿಕೊಳ್ಳುತ್ತವೆ. ಮೊಣಕೈ ಬಳಿಯ ನರ ಮುಟ್ಟಿದರೆ ಜೀವ ಹೋಗುವಂಥ ನೋವು. ತಡಮಾಡಿದರೆ ಬೆರಳುಗಳ ಶಕ್ತಿಯೇ ಹೋಗಿಬಿಡಬಹುದು. ರೋಗಿಗೆ ಇದು ರೋಗ ಮರುಕಳಿಸಿದಂತೆ ಕಾಣುತ್ತದೆ. ವೈದ್ಯರು ಇದನ್ನು 'ರಿಯಾಕ್ಷನ್' ಎನ್ನುತ್ತಾರೆ. ಸತ್ತ ಅಥವಾ ಸಾಯುತ್ತಿರುವ ರೋಗಾಣುಗಳ ಮೇಲೆ ರೋಗಿಯ ಸ್ವಂತ ಬಿಳಿ ರಕ್ತಕಣಗಳು ಮುಗಿಬಿದ್ದಾಗ ನಡುವೆ ಸಿಕ್ಕಿದ ನರ ಹಾಳಾಗುತ್ತದೆ.

ರಕ್ತದಲ್ಲಿ ಹರಿಯುತ್ತಿದ್ದ ಬಿಳಿ ಕಣಗಳು ಅಷ್ಟು ದೊಡ್ಡ ಮೈಯಲ್ಲಿ ಆ ಒಂದು ಮಚ್ಚೆಗೇ, ಆ ಒಂದು ನರಕ್ಕೇ ಏಕೆ ಬಂದವು? ಅವುಗಳನ್ನು ಕರೆದವರು ಯಾರು? ಕರೆಯನ್ನು ತಡೆದರೆ ಅವು ಬಾರದೆ ಇರುತ್ತವೆಯೇ? ಉರಿಯೂತದ ವಿಜ್ಞಾನದಲ್ಲಿ ಕಳೆದ ನಾಲ್ಕು ದಶಕಗಳಲ್ಲಿ ಬಹಳಷ್ಟು ಕೆಲಸ ಈ ಪ್ರಶ್ನೆಗಳ ಸುತ್ತ ನಡೆದಿದೆ. ಅದಕ್ಕೆ ಮುಖ್ಯ ಸಾಧನ ಪ್ರತಿಕಾಯ, ಮುಖ್ಯ ಜೀವಿ ಇಲಿ.

ಕರೆಯುವ ಪ್ರೋಟೀನುಗಳು

ಮಾಟುಂಗದ ಬೀದಿಯಲ್ಲಿ ಫಿಲ್ಟರ್ ಕಾಫಿಯ ಪರಿಮಳ ಹಿಡಿದು ನಡೆದರೆ ವಿಳಾಸ ಗೊತ್ತಿಲ್ಲದವರೂ ಹೋಟೆಲಿನ ಬಾಗಿಲಿಗೆ ಬಂದು ನಿಲ್ಲುತ್ತಾರೆ. ವಾಸನೆ ಎತ್ತ ಗಾಢವೋ ಅತ್ತ ಹೆಜ್ಜೆ. ಬಿಳಿ ಕಣಗಳದ್ದೂ ಇದೇ ಬಗೆ. ಗಾಯವಾದ ಅಥವಾ ಸೋಂಕು ತಗುಲಿದ ಜಾಗದ ಜೀವಕೋಶಗಳು ಪುಟ್ಟ ಪ್ರೋಟೀನುಗಳನ್ನು ಸ್ರವಿಸುತ್ತವೆ. ಅವು ರಕ್ತನಾಳದ ಒಳಗೋಡೆಗೆ ಅಂಟಿಕೊಂಡು, ಮೂಲದ ಹತ್ತಿರ ದಟ್ಟವಾಗಿ, ದೂರ ಹೋದಂತೆ ತೆಳುವಾಗಿ ಹರಡುತ್ತವೆ. ಬಿಳಿ ಕಣದ ಮೈಮೇಲಿನ ಗ್ರಾಹಕ ಅದನ್ನು ಗುರುತಿಸಿದೊಡನೆ ಕಣ ನಾಳದ ಗೋಡೆಗೆ ಅಂಟಿ, ಸಂದಿಯಲ್ಲಿ ತೂರಿ, ದಟ್ಟಣೆ ಹೆಚ್ಚಿದ ಕಡೆ ತೆವಳುತ್ತದೆ. ಈ ಪ್ರೋಟೀನುಗಳೇ ಕೀಮೊಕೈನ್‌ಗಳು.

ನ್ಯೂಟ್ರೊಫಿಲ್ ಎಂಬ ಬಗೆಯ ಬಿಳಿ ಕಣಗಳನ್ನು ಸೆಳೆಯುವ ಇಂಟರ್‌ಲ್ಯೂಕಿನ್-8 ಎಂಬ ಕೀಮೊಕೈನ್ 1987ರಲ್ಲಿ ಪತ್ತೆಯಾಯಿತು. ಈಗ ಅದಕ್ಕೆ ಸಿಎಕ್ಸ್‌ಸಿಎಲ್8 ಎಂದು ಹೆಸರು. ಇಂದು ಸುಮಾರು 50 ಕೀಮೊಕೈನ್‌ಗಳು, ಸುಮಾರು 20 ಗ್ರಾಹಕಗಳು ಗೊತ್ತಿವೆ. ಲೆಕ್ಕ ಸರಿಹೊಂದದಿರುವುದು ಆಕಸ್ಮಿಕವಲ್ಲ. ಒಂದೇ ಗ್ರಾಹಕಕ್ಕೆ ಹಲವು ಕೀಮೊಕೈನ್‌ಗಳು ಕೂರುತ್ತವೆ, ಒಂದೇ ಕೀಮೊಕೈನ್ ಹಲವು ಗ್ರಾಹಕಗಳಿಗೆ ಹೊಂದುತ್ತದೆ. ಈ ಬರಹಕ್ಕೆ ಇನ್ನೆರಡರ ಪರಿಚಯ ಸಾಕು. ಸಿಸಿಎಲ್2 ಎಂಬುದು ಮೊನೊಸೈಟ್ ಎಂಬ ಬಿಳಿ ಕಣಗಳನ್ನು ಸೆಳೆಯುತ್ತದೆ. ಸಿಎಕ್ಸ್‌ಸಿಎಲ್10 ಎಂಬುದು ಟಿ ಕಣಗಳೆಂಬ ಇನ್ನೊಂದು ಬಗೆಯ ಬಿಳಿ ಕಣಗಳನ್ನು ಸೆಳೆಯುತ್ತದೆ.

ಪರೇಲಿನ ಕುದುರೆಯಿಂದ ಕೇಂಬ್ರಿಡ್ಜಿನ ಇಲಿಗೆ

ಪ್ರತಿಕಾಯದಿಂದ ಒಂದು ವಸ್ತುವನ್ನು ಹಿಡಿದು ನಿಷ್ಕ್ರಿಯಗೊಳಿಸುವ ವಿದ್ಯೆ ಈ ನಗರಕ್ಕೆ ಹೊಸತಲ್ಲ. 1897ರ ಪ್ಲೇಗಿನ ಕಾಲದಲ್ಲಿ ಅಲೆಕ್ಸಾಂದ್ರ್ ಯೆರ್ಸಿನ್ ಪ್ಲೇಗ್ ವಿರುದ್ಧದ ಪ್ರತಿಕಾಯಗಳಿದ್ದ ತಮ್ಮ ಸೀರಮ್ ಹಿಡಿದು ಮುಂಬಯಿಗೆ ಬಂದಿದ್ದರು. ನಿರೀಕ್ಷಿಸಿದ ಫಲ ಸಿಗಲಿಲ್ಲ. ಅದೇ ವರ್ಷ ವಾಲ್ಡೆಮಾರ್ ಹಾಫ್‌ಕಿನ್ ತಮ್ಮ ಪ್ಲೇಗ್ ಲಸಿಕೆಯನ್ನು ಮೊದಲು ತಮಗೇ ಚುಚ್ಚಿಕೊಂಡರು. 1899ರಲ್ಲಿ ಅವರ ಪ್ರಯೋಗಾಲಯ ಪರೇಲಿಗೆ ಬಂತು. ಅಲ್ಲಿ ಬೆಳೆದ ಹಾಫ್‌ಕಿನ್ ಸಂಸ್ಥೆಯ ಹೆಸರು ಮುಂದೆ ಹಾವಿನ ವಿಷಕ್ಕೆ ಮದ್ದು ತಯಾರಿಸುವ ಕೆಲಸದೊಂದಿಗೆ ಬೆಸೆದುಕೊಂಡಿತು. ಕುದುರೆಗೆ ಸ್ವಲ್ಪ ಸ್ವಲ್ಪವೇ ವಿಷ ಕೊಟ್ಟು, ಅದರ ರಕ್ತದಲ್ಲಿ ಹುಟ್ಟಿದ ಪ್ರತಿಕಾಯಗಳನ್ನು ಬೇರ್ಪಡಿಸಿ ಬಾಟಲಿಗೆ ತುಂಬುವುದು ಅದರ ತಿರುಳು.

ಕುದುರೆಯ ಸೀರಮ್‌ನಿಂದ ಕಲಿತ ಒಂದು ಪಾಠ ಇಲ್ಲಿ ಮುಖ್ಯ. ಅದು ಮನುಷ್ಯರ ಮೈಗೆ ಪರಕೀಯ ಪ್ರೋಟೀನು. ಚುಚ್ಚಿದ ಕೆಲವು ದಿನಗಳ ಮೇಲೆ ಕೆಲವರಿಗೆ ಜ್ವರ, ಗಂದೆ, ಕೀಲುನೋವು ಬರುತ್ತವೆ. 1905ರಲ್ಲಿ ಪಿರ್ಕೆ ಮತ್ತು ಶಿಕ್ ಈ 'ಸೀರಮ್ ಕಾಯಿಲೆ'ಯನ್ನು ವಿವರಿಸಿದರು. ಪ್ರತಿಕಾಯದ ವಿರುದ್ಧವೇ ಮೈ ಪ್ರತಿಕಾಯ ತಯಾರಿಸಬಲ್ಲದು ಎಂಬ ಈ ಸಂಗತಿ ಮುಂದೆ ಇಲಿಯ ಪ್ರಯೋಗಗಳಲ್ಲೂ ಎದುರಾಗುತ್ತದೆ.

ಕುದುರೆಯ ಸೀರಮ್‌ನಲ್ಲಿ ಸಾವಿರಾರು ಬಗೆಯ ಪ್ರತಿಕಾಯಗಳು ಬೆರೆತಿರುತ್ತವೆ. 1975ರಲ್ಲಿ ಕೇಂಬ್ರಿಡ್ಜಿನಲ್ಲಿ ಜಾರ್ಜ್ ಕೋಹ್ಲರ್ ಮತ್ತು ಸೀಸರ್ ಮಿಲ್‌ಸ್ಟೈನ್ ಪ್ರತಿಕಾಯ ತಯಾರಿಸುವ ಇಲಿಯ ಜೀವಕೋಶವನ್ನು ಸಾವಿಲ್ಲದೆ ಬೆಳೆಯುವ ಕ್ಯಾನ್ಸರ್ ಕೋಶದೊಂದಿಗೆ ಬೆಸೆದರು. ಅಂಥ ಒಂದು ಬೆಸುಗೆ ಕೋಶದ ಸಂತತಿ ಒಂದೇ ಬಗೆಯ ಪ್ರತಿಕಾಯವನ್ನು ಎಷ್ಟು ಬೇಕಾದರೂ ಕೊಡುತ್ತದೆ. ಈ ಮೊನೊಕ್ಲೋನಲ್ ಪ್ರತಿಕಾಯಕ್ಕೆ 1984ರಲ್ಲಿ ನೊಬೆಲ್ ಬಂತು.

ಆದರೆ ಇಲಿಯ ಕೀಮೊಕೈನ್ ವಿರುದ್ಧ ಇಲಿಯಲ್ಲೇ ಪ್ರತಿಕಾಯ ಹುಟ್ಟಿಸುವುದು ಕಷ್ಟ. ತನ್ನದೇ ಪ್ರೋಟೀನನ್ನು ಅದರ ಮೈ ಪರಕೀಯವೆಂದು ಎಣಿಸುವುದಿಲ್ಲ. ಆದ್ದರಿಂದ ರ‍್ಯಾಟ್, ಆರ್ಮೇನಿಯನ್ ಹ್ಯಾಮ್‌ಸ್ಟರ್, ಮೊಲ, ಮೇಕೆಗಳ ಮೊರೆ ಹೋಗುತ್ತಾರೆ. ರ‍್ಯಾಟ್ ಎಂದರೆ ಪ್ರಯೋಗಾಲಯದ ದೊಡ್ಡ ಇಲಿ. ಈ ಬರಹದಲ್ಲಿ ಬರಿದೇ 'ಇಲಿ' ಎಂದಿರುವುದೆಲ್ಲ ಅಂಗೈಯಲ್ಲಿ ಹಿಡಿಸುವ ಮೌಸ್.

ಪತ್ತೆ ಮಾಡುವುದು

ಒಂದು ಕೀಮೊಕೈನ್ ಅಣುವಿನ ತೂಕ 8ರಿಂದ 10 ಕಿಲೋಡಾಲ್ಟನ್. ಅದನ್ನು ಹಿಡಿಯುವ ಪ್ರತಿಕಾಯ ಸುಮಾರು 150 ಕಿಲೋಡಾಲ್ಟನ್, ಅಂದರೆ ಹದಿನೈದು ಪಟ್ಟು ಅಥವಾ ಅದಕ್ಕೂ ಹೆಚ್ಚು. ಇಷ್ಟು ಪುಟ್ಟ ಅಣುವನ್ನು ಲೆಕ್ಕ ಹಾಕಲು ಬಳಸುವ ಎಲೈಸಾ ವಿಧಾನಕ್ಕೆ ಎರಡು ಪ್ರತಿಕಾಯಗಳು ಬೇಕು. ಅವೆರಡೂ ಒಂದಕ್ಕೊಂದು ಅಡ್ಡಬಾರದೆ ಅಣುವಿನ ಬೇರೆ ಬೇರೆ ಬದಿಗೆ ಕೂರಬೇಕು.

96 ಗುಂಡಿಗಳ ಪ್ಲಾಸ್ಟಿಕ್ ತಟ್ಟೆಯ ತಳಕ್ಕೆ ಮೊದಲ ಪ್ರತಿಕಾಯವನ್ನು ಅಂಟಿಸುತ್ತಾರೆ. ಇಲಿಯ ರಕ್ತದ ಪ್ಲಾಸ್ಮಾ ಹಾಕಿದಾಗ ಅದರಲ್ಲಿನ ಕೀಮೊಕೈನ್ ಅಲ್ಲಿ ಸಿಕ್ಕಿಕೊಳ್ಳುತ್ತದೆ. ತೊಳೆದು ಎರಡನೇ ಪ್ರತಿಕಾಯ ಹಾಕುತ್ತಾರೆ, ಅದಕ್ಕೆ ಕಿಣ್ವವೊಂದನ್ನು ಜೋಡಿಸುತ್ತಾರೆ. ಕೊನೆಗೆ ಬಣ್ಣದ ರಾಸಾಯನಿಕ ಸುರಿದರೆ ಗುಂಡಿ ನೀಲಿಯಾಗುತ್ತದೆ, ಆಮ್ಲ ಬಿದ್ದಾಗ ಹಳದಿಗೆ ತಿರುಗುತ್ತದೆ. 450 ನ್ಯಾನೊಮೀಟರ್ ಬೆಳಕಿನಲ್ಲಿ ಆ ಹಳದಿಯ ಗಾಢತೆ ಅಳೆದು, ಗೊತ್ತಿರುವ ಪ್ರಮಾಣಗಳ ಜೊತೆ ಹೋಲಿಸಿದರೆ ಉತ್ತರ ಪಿಕೊಗ್ರಾಮ್‌ಗಳಲ್ಲಿ ಬರುತ್ತದೆ. ಒಂದು ಗ್ರಾಮಿನ ಲಕ್ಷ ಕೋಟಿಯಲ್ಲಿ ಒಂದು ಪಾಲು ಪಿಕೊಗ್ರಾಮ್.

ಯಂತ್ರ ಸಂಖ್ಯೆ ಕೊಟ್ಟಿತೆಂದರೆ ಕೆಲಸ ಮುಗಿಯುವುದಿಲ್ಲ. ರಕ್ತವನ್ನು ಹೆಪ್ಪುಗಟ್ಟಲು ಬಿಟ್ಟು ಸೀರಮ್ ತೆಗೆದರೆ, ಹೆಪ್ಪುಗಟ್ಟುವಾಗಲೇ ಪ್ಲೇಟ್‌ಲೆಟ್‌ಗಳು ತಮ್ಮೊಳಗಿನ ಕೆಲವು ಕೀಮೊಕೈನ್‌ಗಳನ್ನು ಸುರಿದಿರುತ್ತವೆ. ಕೆಂಪು ರಕ್ತಕಣಗಳು ಇನ್ನು ಕೆಲವನ್ನು ಹೀರಿಟ್ಟುಕೊಳ್ಳುತ್ತವೆ. ಅಂಗಾಂಶಕ್ಕೆ ಅಂಟಿದ ಕೀಮೊಕೈನ್ ರಕ್ತದ ಲೆಕ್ಕಕ್ಕೆ ಬರುವುದೇ ಇಲ್ಲ. ಯಾವ ಜೀವಕೋಶ ಅದನ್ನು ತಯಾರಿಸುತ್ತಿದೆ ಎಂದು ನೋಡಹೋದರೆ, ಹುಟ್ಟಿದೊಡನೆ ಅದು ಹೊರಗೆ ಹೋಗಿರುತ್ತದೆ. ಹೊರಹೋಗುವ ದಾರಿಯನ್ನು ಬ್ರೆಫೆಲ್ಡಿನ್-ಎ ಎಂಬ ವಸ್ತುವಿನಿಂದ ಕೆಲವು ಗಂಟೆ ಮುಚ್ಚಿ, ಆಮೇಲೆ ಕೋಶದ ಪೊರೆಗೆ ರಂಧ್ರ ಮಾಡಿ, ಹೊಳೆಯುವ ಬಣ್ಣ ಕಟ್ಟಿದ ಪ್ರತಿಕಾಯವನ್ನು ಒಳಗೆ ಕಳಿಸಬೇಕು.

ಕುಷ್ಠರೋಗದ ರಿಯಾಕ್ಷನ್ ಬಗ್ಗೆ ಇಂಥ ಅಳತೆ ಒಂದು ಸುಳಿವು ಕೊಟ್ಟಿದೆ. 2009ರಲ್ಲಿ ಬ್ರೆಜಿಲ್ಲಿನ ಸಂಶೋಧಕರು ರೋಗಿಗಳ ಪ್ಲಾಸ್ಮಾದಲ್ಲಿ ಹಲವು ಪ್ರೋಟೀನುಗಳನ್ನು ಒಟ್ಟಿಗೆ ಅಳೆದಾಗ, ಮೇಲೆ ವಿವರಿಸಿದ 'ಮೊದಲ ಬಗೆ'ಯ ರಿಯಾಕ್ಷನ್ ಆದವರಲ್ಲಿ ಸಿಎಕ್ಸ್‌ಸಿಎಲ್10 ಏರಿತ್ತು. 2011ರ ಇನ್ನೊಂದು ಅಧ್ಯಯನದಲ್ಲೂ ಅದೇ ಕಂಡಿತು. ಅದು ಟಿ ಕಣಗಳನ್ನು ಸೆಳೆಯುವ ಕೀಮೊಕೈನ್ ಆದ್ದರಿಂದ ಅನುಮಾನ ಸಹಜ. ಆದರೆ ಏರಿರುವುದು ಬೇರೆ, ಕಾರಣವಾಗುವುದು ಬೇರೆ. ಉರಿಯೂತ ಎಬ್ಬಿಸಿದ್ದು ಅದೇ ಇರಬಹುದು, ಉರಿಯೂತದಿಂದಾಗಿ ತಾನೇ ಏರಿರಬಹುದು. ಅಳತೆ ಮಾತ್ರದಿಂದ ಇದು ತೀರ್ಮಾನವಾಗುವುದಿಲ್ಲ. ಅದನ್ನು ತೆಗೆದುಹಾಕಿ ನೋಡಬೇಕು.

ಇಲ್ಲಿ ಇಲಿಯ ಮಿತಿಯೂ ಎದುರಾಗುತ್ತದೆ. ಕುಷ್ಠರೋಗದ ಬ್ಯಾಕ್ಟೀರಿಯಾವನ್ನು ಇಂದಿಗೂ ಕೃತಕ ಮಾಧ್ಯಮದಲ್ಲಿ ಬೆಳೆಸಲಾಗಿಲ್ಲ. 1960ರಲ್ಲಿ ಅಮೆರಿಕದ ಚಾರ್ಲ್ಸ್ ಶೆಪರ್ಡ್ ಅದನ್ನು ಇಲಿಯ ಅಂಗಾಲಿನಲ್ಲಿ ಬೆಳೆಸಿದರು. ಅಂಗಾಲು ಮೈಯ ಉಳಿದ ಭಾಗಕ್ಕಿಂತ ತಂಪು, ಆ ಬ್ಯಾಕ್ಟೀರಿಯಾಕ್ಕೆ ಬೇಕಾದದ್ದೂ ತಂಪು. ಕೆಲವು ಸಾವಿರ ಬ್ಯಾಕ್ಟೀರಿಯಾ ಹತ್ತು ಲಕ್ಷದಷ್ಟಾಗಲು ಆರೇಳು ತಿಂಗಳು ಬೇಕು. ಔಷಧ ಕೆಲಸ ಮಾಡುತ್ತದೆಯೇ, ಬ್ಯಾಕ್ಟೀರಿಯಾ ಔಷಧಕ್ಕೆ ಒಗ್ಗಿಕೊಂಡಿದೆಯೇ ಎಂದು ತಿಳಿಯಲು ಈ ಅಂಗಾಲೇ ದಶಕಗಳ ಕಾಲ ಆಧಾರವಾಯಿತು. ಆದರೆ ಸಾಮಾನ್ಯ ಇಲಿಗೆ ಮನುಷ್ಯರಂಥ ಕುಷ್ಠರೋಗವೂ ಬರುವುದಿಲ್ಲ, ಆ ರಿಯಾಕ್ಷನ್ನೂ ಆಗುವುದಿಲ್ಲ. ಕರೆಯನ್ನು ತಡೆದರೆ ಏನಾಗುತ್ತದೆ ಎಂಬುದನ್ನು ಬೇರೆ ಕಾಯಿಲೆಗಳಲ್ಲಿ ಹುಡುಕಬೇಕಾಯಿತು.

ತಡೆಯುವುದು

ಪತ್ತೆ ಮಾಡುವ ಪ್ರತಿಕಾಯವೆಲ್ಲ ತಡೆಯುವ ಪ್ರತಿಕಾಯವಲ್ಲ. ಕೀಮೊಕೈನ್ ತನ್ನ ಗ್ರಾಹಕಕ್ಕೆ ಕೂರುವ ಬದಿಯನ್ನೇ ಮುಚ್ಚಿದರೆ ಮಾತ್ರ ಕರೆ ನಿಲ್ಲುತ್ತದೆ. ಇದನ್ನು ಮೊದಲು ಇಲಿಯ ಹೊರಗೇ ಪರೀಕ್ಷಿಸುತ್ತಾರೆ. ಸ್ಟೀಫನ್ ಬಾಯ್ಡನ್ 1962ರಲ್ಲಿ ರೂಪಿಸಿದ ಎರಡು ಅಂಕಣಗಳ ಪೆಟ್ಟಿಗೆಯೇ ಇಂದಿಗೂ ಮಾದರಿ. ನಡುವೆ ಸೂಕ್ಷ್ಮ ರಂಧ್ರಗಳ ಪೊರೆ, ಮೇಲೆ ಬಿಳಿ ಕಣ, ಕೆಳಗೆ ಕೀಮೊಕೈನ್. ಕಣಗಳು ರಂಧ್ರ ದಾಟಿ ಕೆಳಗಿಳಿಯುತ್ತವೆ. ಕೆಳಗೆ ಪ್ರತಿಕಾಯವನ್ನೂ ಬೆರೆಸಿದಾಗ ಇಳಿಯುವ ಕಣಗಳು ಅರ್ಧಕ್ಕೆ ಇಳಿದರೆ, ಅಷ್ಟು ಪ್ರತಿಕಾಯವೇ ಅದರ ಬಲದ ಅಳತೆ.

ಇಲಿಗೆ ಚುಚ್ಚುವ ಮುನ್ನ ಇನ್ನೂ ಎಚ್ಚರಗಳಿವೆ. ಬಾಟಲಿಯಲ್ಲಿನ ಪ್ರತಿಕಾಯ ಕೆಡದಂತೆ ಹಾಕುವ ಸೋಡಿಯಂ ಅಜೈಡ್ ವಿಷ, ಅದು ಇರಕೂಡದು. ಬ್ಯಾಕ್ಟೀರಿಯಾದ ಎಂಡೊಟಾಕ್ಸಿನ್ ಲವಲೇಶ ಉಳಿದಿದ್ದರೂ ಅದೇ ಇಲಿಯಲ್ಲಿ ಕೀಮೊಕೈನ್‌ಗಳನ್ನು ಏರಿಸಿಬಿಡುತ್ತದೆ, ತಡೆಯಲು ಹೋದವರೇ ಕರೆ ಕಳಿಸಿದಂತಾಗುತ್ತದೆ. ರ‍್ಯಾಟ್‌ನ ಪ್ರತಿಕಾಯ ಇಲಿಗೆ ಪರಕೀಯ. ವಾರ ಕಳೆದು ಮತ್ತೆ ಮತ್ತೆ ಚುಚ್ಚುತ್ತ ಹೋದರೆ ಇಲಿ ಅದರ ವಿರುದ್ಧ ತನ್ನ ಪ್ರತಿಕಾಯ ತಯಾರಿಸುತ್ತದೆ, ಕೊಟ್ಟದ್ದು ಬೇಗ ಮೈಯಿಂದ ಹೊರಬೀಳುತ್ತದೆ. ಪ್ರತಿಕಾಯದ ಬಾಲದ ಭಾಗ ತಾನಾಗಿಯೇ ಬಿಳಿ ಕಣಗಳನ್ನು ಕೆರಳಿಸಲೂಬಹುದು. ಆದ್ದರಿಂದ ಅದೇ ಪ್ರಾಣಿಯಿಂದ ಬಂದ, ಅದೇ ವರ್ಗದ, ಆದರೆ ಇಲಿಯಲ್ಲಿ ಯಾವುದಕ್ಕೂ ಅಂಟದ ಪ್ರತಿಕಾಯವನ್ನು ಇನ್ನೊಂದು ಗುಂಪಿನ ಇಲಿಗಳಿಗೆ ಕೊಡಲೇಬೇಕು. ಉಪ್ಪುನೀರು ಕೊಟ್ಟ ಇಲಿಯೊಂದಿಗೆ ಹೋಲಿಸಿದರೆ ಸಾಲದು. ನಮ್ಮ ದೇಶದಲ್ಲಿ ಇಂಥ ಪ್ರತಿ ಪ್ರಯೋಗಕ್ಕೂ ಸಂಸ್ಥೆಯ ಪ್ರಾಣಿ ನೈತಿಕ ಸಮಿತಿಯ ಒಪ್ಪಿಗೆ ಬೇಕು. ಸರಿಯಾದ ಹೋಲಿಕೆ ಗುಂಪಿಲ್ಲದ ಪ್ರಯೋಗ ಏನನ್ನೂ ಹೇಳಲಾರದು ಎಂದಾದರೆ ಅದಕ್ಕೆ ಬಲಿಯಾದ ಇಲಿಗಳ ಜೀವ ವ್ಯರ್ಥ.

ಮನುಷ್ಯರಿಗೂ ಇಲಿಗೂ ಇರುವ ವ್ಯತ್ಯಾಸವನ್ನೂ ಮರೆಯುವಂತಿಲ್ಲ. ಮನುಷ್ಯರಲ್ಲಿ ಅಷ್ಟು ಮುಖ್ಯವಾದ ಸಿಎಕ್ಸ್‌ಸಿಎಲ್8 ಇಲಿಯಲ್ಲಿ ಇಲ್ಲವೇ ಇಲ್ಲ. ಆ ಕೆಲಸವನ್ನು ಸಿಎಕ್ಸ್‌ಸಿಎಲ್1, ಸಿಎಕ್ಸ್‌ಸಿಎಲ್2 ಮುಂತಾದವು ಹಂಚಿಕೊಂಡಿವೆ. ಮನುಷ್ಯರ ಸಿಎಕ್ಸ್‌ಸಿಎಲ್8 ತಡೆಯುವ ಪ್ರತಿಕಾಯವನ್ನು ಇಲಿಗೆ ಕೊಟ್ಟರೆ ಹಿಡಿಯಲು ಅಲ್ಲಿ ಏನೂ ಸಿಗದು.

ಅಂಗಾಲಿನ ಊತ ಹೇಳಿದ್ದು

2006ರ ಚಿಕುನ್‌ಗುನ್ಯಾವನ್ನು ಕರ್ನಾಟಕದವರು ಮರೆತಿಲ್ಲ. ಆ ವರ್ಷ ದೇಶದಲ್ಲಿ 13 ಲಕ್ಷಕ್ಕೂ ಹೆಚ್ಚು ಶಂಕಿತ ಪ್ರಕರಣಗಳು ವರದಿಯಾದವು, ಅವುಗಳಲ್ಲಿ ಅರ್ಧಕ್ಕೂ ಹೆಚ್ಚು ಕರ್ನಾಟಕದವು. ಜ್ವರ ಇಳಿದ ಮೇಲೂ ತಿಂಗಳುಗಟ್ಟಲೆ ಕೀಲು ಹಿಡಿದು ಜನ ಬಾಗಿ ನಡೆದರು. ಈ ವೈರಸ್ಸನ್ನು ಇಲಿಯ ಪಾದಕ್ಕೆ ಚುಚ್ಚಿದರೆ ಒಂದು ವಾರದೊಳಗೆ ಪಾದ ಊದುತ್ತದೆ. ಅಲ್ಲಿ ಮೊನೊಸೈಟ್‌ಗಳ ದಂಡು, ಜೊತೆಗೆ ಏರಿದ ಸಿಸಿಎಲ್2. ಅನುಮಾನ ಪಡಲು ಇದಕ್ಕಿಂತ ಸ್ಪಷ್ಟ ಚಿತ್ರ ಬೇಡ.

2011ರಲ್ಲಿ ಆಸ್ಟ್ರೇಲಿಯದ ಸಂಶೋಧಕರ ತಂಡ ಸಿಸಿಎಲ್2 ತಯಾರಿಕೆಯನ್ನು ತಗ್ಗಿಸುವ ಬಿಂಡಾರಿಟ್ ಎಂಬ ಔಷಧವನ್ನು ಇಂಥ ಇಲಿಗಳಿಗೆ ಕೊಟ್ಟಿತು. ಇದು ಪ್ರತಿಕಾಯವಲ್ಲ, ಆದರೆ ಕೇಳಿದ ಪ್ರಶ್ನೆ ಅದೇ. ಕೀಲು ಮತ್ತು ಸ್ನಾಯುಗಳ ಉರಿಯೂತ ಕಡಿಮೆಯಾಯಿತು. 2014ರಲ್ಲಿ ಬ್ರಿಸ್ಬೇನ್‌ನಲ್ಲಿ ಸಿಸಿಎಲ್2 ಕೂರುವ ಗ್ರಾಹಕದ ವಂಶವಾಹಿಯೇ ಇಲ್ಲದ ಇಲಿಗಳಿಗೆ ವೈರಸ್ ಕೊಟ್ಟರು. ಊತ ಇಳಿಯಬೇಕಿತ್ತು, ಬದಲಿಗೆ ಹೆಚ್ಚಾಯಿತು, ಹೆಚ್ಚು ಕಾಲ ಉಳಿಯಿತು. ಮೊನೊಸೈಟ್‌ಗಳ ಜಾಗಕ್ಕೆ ನ್ಯೂಟ್ರೊಫಿಲ್‌ಗಳು ಬಂದವು, ಕೀಲಿನ ಮೃದ್ವಸ್ಥಿಗೂ ಹಾನಿಯಾಯಿತು. ಉರಿಯೂತಕ್ಕೆ ಬರುವ ಮೊನೊಸೈಟ್‌ಗಳು ಹಾನಿ ಮಾಡುವುದಷ್ಟೇ ಅಲ್ಲ, ಮುಂದೆ ಉರಿಯೂತವನ್ನು ಶಮನ ಮಾಡುವುದೂ ಅವೇ. ಸ್ವಲ್ಪ ತಗ್ಗಿಸಿದಾಗ ಬಂದ ಉತ್ತರ ಪೂರ್ತಿ ಕಿತ್ತುಹಾಕಿದಾಗ ಬರಲಿಲ್ಲ.

ತಡೆ ತೆಗೆದ ಮೇಲೆ

ಇದೇ ಪ್ರಶ್ನೆಯನ್ನು ಕ್ಯಾನ್ಸರಿನಲ್ಲೂ ಕೇಳಿದ್ದಾರೆ. ಪರೇಲಿಗೆ ಇಲಿಯ ಸ್ತನ ಕ್ಯಾನ್ಸರಿನ ಅಧ್ಯಯನವೂ ಹಳೆಯದೇ. 1952ರಲ್ಲಿ ತೆರೆದ ಇಂಡಿಯನ್ ಕ್ಯಾನ್ಸರ್ ರಿಸರ್ಚ್ ಸೆಂಟರಿನಲ್ಲಿ ಕಮಲ್ ರಣದಿವೆ ಸ್ತನ ಕ್ಯಾನ್ಸರ್ ಸುಲಭವಾಗಿ ಬರುವ ಇಲಿ ತಳಿಗಳ ಮೇಲೆ ದಶಕಗಳ ಕಾಲ ದುಡಿದರು. 1982ರಲ್ಲಿ ಅವರಿಗೆ ಪದ್ಮಭೂಷಣ ಸಂದಿತು. ಗೆಡ್ಡೆಯ ಸುತ್ತಲಿನ ಮೈ ಗೆಡ್ಡೆಯ ಗತಿಯನ್ನು ಹೇಗೆ ಬದಲಿಸುತ್ತದೆ ಎಂಬ ಪ್ರಶ್ನೆಗೆ ಕೀಮೊಕೈನ್‌ಗಳು ಸೇರಿಕೊಂಡದ್ದು ಆಮೇಲೆ.

2011ರಲ್ಲಿ ನ್ಯೂಯಾರ್ಕಿನ ಜೆಫ್ರಿ ಪೊಲಾರ್ಡ್ ಅವರ ತಂಡ, ಸ್ತನ ಕ್ಯಾನ್ಸರ್ ಶ್ವಾಸಕೋಶಕ್ಕೆ ಹರಡಲು ಸಿಸಿಎಲ್2 ಕರೆದ ಮೊನೊಸೈಟ್‌ಗಳು ನೆರವಾಗುತ್ತವೆ ಎಂದು ಇಲಿಗಳಲ್ಲಿ ತೋರಿಸಿತು. ಮನುಷ್ಯರ ಕ್ಯಾನ್ಸರ್ ಕೋಶ ಹಾಕಿದ ಇಲಿಯಲ್ಲಿ ಗೆಡ್ಡೆ ಮನುಷ್ಯರ ಸಿಸಿಎಲ್2 ಸ್ರವಿಸಿದರೆ ಇಲಿಯ ಮೈ ತನ್ನದನ್ನು ಸ್ರವಿಸುತ್ತದೆ. ಎರಡಕ್ಕೂ ಬೇರೆ ಬೇರೆ ಪ್ರತಿಕಾಯ ಬೇಕು. ತಡೆದಾಗ ಹರಡುವಿಕೆ ತಗ್ಗಿತು.

2014ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್‌ನ ತಂಡ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಪ್ರತಿಕಾಯ ಕೊಡುವುದನ್ನು ನಿಲ್ಲಿಸಿ ನೋಡಿತು. ಕೊಡುತ್ತಿದ್ದಷ್ಟು ಕಾಲ ಮೊನೊಸೈಟ್‌ಗಳು ಮೂಳೆಮಜ್ಜೆಯಲ್ಲೇ ಉಳಿದಿದ್ದವು. ನಿಲ್ಲಿಸಿದೊಡನೆ ಅವು ಒಮ್ಮೆಲೇ ಹೊರಬಂದವು. ಶ್ವಾಸಕೋಶದಲ್ಲಿ ಹೊಸ ರಕ್ತನಾಳಗಳು ಚಿಗುರಿ ಕ್ಯಾನ್ಸರ್ ಇನ್ನೂ ವೇಗವಾಗಿ ಹರಡಿತು. ಪ್ರತಿಕಾಯ ಪಡೆದು ನಿಲ್ಲಿಸಿದ ಇಲಿಗಳು ಏನನ್ನೂ ಪಡೆಯದವುಗಳಿಗಿಂತ ಬೇಗ ಸತ್ತವು. ಪ್ರಯೋಗವನ್ನು ಪ್ರತಿಕಾಯದ ಕೊನೆಯ ಸೂಜಿಯ ದಿನವೇ ಮುಗಿಸಿದ್ದರೆ ಈ ಸಂಗತಿ ಗೊತ್ತಾಗುತ್ತಲೇ ಇರಲಿಲ್ಲ.

ಅಷ್ಟರಲ್ಲಿ ಮನುಷ್ಯರಲ್ಲೂ ಪರೀಕ್ಷೆಗಳು ನಡೆದಿದ್ದವು. ಸಂಧಿವಾತದ ರೋಗಿಗಳಿಗೆ ಸಿಸಿಎಲ್2 ತಡೆಯುವ ಪ್ರತಿಕಾಯ ಕೊಟ್ಟ ಫಲಿತಾಂಶ 2006ರಲ್ಲಿ ಪ್ರಕಟವಾಯಿತು. ಪ್ರಯೋಜನ ಕಾಣಲಿಲ್ಲ, ರಕ್ತದಲ್ಲಿನ ಒಟ್ಟು ಸಿಸಿಎಲ್2 ಮಾತ್ರ 2,000 ಪಟ್ಟಿನವರೆಗೂ ಏರಿತ್ತು. ಒಂಟಿ ಕೀಮೊಕೈನ್ ಪುಟ್ಟದು, ಮೈಯಿಂದ ಬೇಗ ಹೊರಟುಹೋಗುತ್ತದೆ. ಪ್ರತಿಕಾಯಕ್ಕೆ ಅಂಟಿದ ಮೇಲೆ ಅದರ ಜೊತೆ ವಾರಗಟ್ಟಲೆ ರಕ್ತದಲ್ಲೇ ಸುತ್ತುತ್ತದೆ. ಕಾರ್ಲುಮ್ಯಾಬ್ ಎಂಬ ಇನ್ನೊಂದು ಪ್ರತಿಕಾಯವನ್ನು ಪ್ರಾಸ್ಟೇಟ್ ಕ್ಯಾನ್ಸರ್ ರೋಗಿಗಳಿಗೆ ಕೊಟ್ಟಾಗ, ಅಂಟಿಕೊಳ್ಳದ ಸಿಸಿಎಲ್2 ಮೊದಲು ಇಳಿದು, ಆಮೇಲೆ ಮೊದಲಿದ್ದ ಮಟ್ಟವನ್ನೂ ಮೀರಿತು. ಎಲೈಸಾದ ಸಂಖ್ಯೆಯನ್ನು ಎಚ್ಚರದಿಂದ ಓದಬೇಕಾದ ಜಾಗ ಇದೂ ಒಂದು. ಪ್ರತಿಕಾಯಕ್ಕೆ ಅಂಟಿಕೊಂಡ, ನಿಷ್ಕ್ರಿಯ ಸಿಸಿಎಲ್2 ಎಷ್ಟು, ಕೆಲಸ ಮಾಡಬಲ್ಲದ್ದು ಎಷ್ಟು ಎಂದು ಬೇರ್ಪಡಿಸದಿದ್ದರೆ ಏರಿಕೆಗೆ ಅರ್ಥವಿಲ್ಲ.

ಹಾಗೆಂದು ಹಾದಿಯೇ ಮುಚ್ಚಿಲ್ಲ. ಕೀಮೊಕೈನ್ ಬದಲು ಕೀಮೊಕೈನ್ ಗ್ರಾಹಕವೊಂದನ್ನು ಗುರಿಯಾಗಿಸಿದ ಮೊಗಾಮುಲಿಝುಮ್ಯಾಬ್ ಎಂಬ ಪ್ರತಿಕಾಯ 2012ರಲ್ಲಿ ಜಪಾನಿನಲ್ಲಿ ಒಂದು ಬಗೆಯ ರಕ್ತ ಕ್ಯಾನ್ಸರಿಗೆ ಒಪ್ಪಿಗೆ ಪಡೆಯಿತು. ಅದು ಕರೆಯನ್ನು ಮುಚ್ಚುವುದಕ್ಕಿಂತ ಹೆಚ್ಚಾಗಿ, ಆ ಗ್ರಾಹಕ ಹೊತ್ತ ಕ್ಯಾನ್ಸರ್ ಕಣಗಳನ್ನೇ ಕೊಲ್ಲಿಸುತ್ತದೆ. ಇನ್ನು ಸಿಎಕ್ಸ್‌ಸಿಎಲ್10ರಂಥವನ್ನು ತಡೆಯದೆ ಬರಿದೇ ಅಳೆದರೂ ಲಾಭವಿರಬಹುದು. ನರ ಹಾಳಾಗುವ ಮುನ್ನವೇ ಏರಿಕೆ ಗೊತ್ತಾದರೆ ಉರಿಯೂತ ತಗ್ಗಿಸುವ ಪ್ರೆಡ್ನಿಸೊಲೋನ್ ಔಷಧವನ್ನು ಬೇಗ ಶುರುಮಾಡಬಹುದು ಎಂಬುದು ಸಂಶೋಧಕರ ಆಸೆ.

'ಇಲಿಯಲ್ಲಿ ಇಂಥ ಪ್ರೋಟೀನನ್ನು ತಡೆದಾಗ ರೋಗ ವಾಸಿಯಾಯಿತು' ಎಂಬ ಸುದ್ದಿ ಪತ್ರಿಕೆಗಳಲ್ಲಿ ಆಗಾಗ ಬರುತ್ತದೆ. ಅದನ್ನು ಓದುವಾಗ ಕೇಳಬೇಕಾದ್ದು ಇಷ್ಟೇ. ಹೋಲಿಕೆಗೆ ಯಾವ ಪ್ರತಿಕಾಯ ಕೊಟ್ಟಿದ್ದರು? ತಗ್ಗಿಸಿದರೇ, ಪೂರ್ತಿ ಇಲ್ಲವಾಗಿಸಿದರೇ? ಕರೆ ನಿಂತಾಗ ಆ ಜಾಗಕ್ಕೆ ಬೇರೆ ಯಾರು ಬಂದರು? ಚಿಕಿತ್ಸೆ ನಿಲ್ಲಿಸಿದ ಮೇಲೆ ಎಷ್ಟು ದಿನ ಕಾದು ನೋಡಿದರು? ಆ ಪ್ರೋಟೀನು ಮನುಷ್ಯರಲ್ಲೂ ಅದೇ ಕೆಲಸ ಮಾಡುತ್ತದೆಯೇ? ಈ ಐದಕ್ಕೂ ಉತ್ತರ ಕೊಡುವ ಪ್ರಯೋಗ ಸೋತರೂ ವಿಜ್ಞಾನಕ್ಕೆ ಲಾಭ. ಬಾಸೆಲ್ ತಂಡದ ಇಲಿಗಳು ಬದುಕಲಿಲ್ಲ, ಆದರೆ ಪ್ರತಿಕಾಯವನ್ನು ಯಾವಾಗ ನಿಲ್ಲಿಸಬೇಕು ಎಂಬ ಪ್ರಶ್ನೆಯನ್ನು ಕೇಳದೆ ಇಂಥ ಔಷಧವನ್ನು ಇನ್ನು ಯಾರೂ ಯೋಜಿಸುವಂತಿಲ್ಲ.